ಬಿಳಿ ಕಿವಿಯ ಅಂಜಲ್

ಮೀನು ಕೊಳ್ಳುವಾಗ ನಮ್ಮೂರಿನವರ ಬೆರಳು ಮೊದಲು ಹೋಗುವುದು ಕಿವಿಗೆ. ಪುಸ್ತಕದಲ್ಲಿ ಅದು ಕಿವಿರು, ನಮ್ಮ ಬಾಯಲ್ಲಿ ಕಿವಿ. ಹೆಬ್ಬೆರಳಲ್ಲಿ ಮುಚ್ಚಳ ಎತ್ತಿ ನೋಡಿದಾಗ ಒಳಗೆ ದಾಸವಾಳದ ಹಾಗೆ ಕೆಂಪಿದ್ದರೆ ತಾಜಾ, ಕಂದಿದ್ದರೆ ಚೌಕಾಸಿ, ಬೆಳ್ಳಗಿದ್ದರೆ ಮಾತಿಲ್ಲದೆ ಪಕ್ಕದ ಬುಟ್ಟಿಗೆ. ನನ್ನಮ್ಮ ಮೂವತ್ತು ವರ್ಷ ಮೀನು ಮಾರಿದವಳು. ಮೊದಲು ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದಳು, ಈಗ ಮಂಡಿನೋವು ಶುರುವಾದ ಮೇಲೆ ಮಾರ್ಕೆಟ್ಟಿನಲ್ಲಿ ಕೂರುತ್ತಾಳೆ. ಅವಳ ಬಲಗೈ ಹೆಬ್ಬೆರಳಿನ ತುದಿಯಲ್ಲಿ ಕಿವಿಯ ಮುಳ್ಳು ಗೀರಿ ಗೀರಿ ಆದ ಸಣ್ಣ ಗೆರೆಗಳಿವೆ. ಅಕ್ಷರ ಕಲಿಯುವ ಮೊದಲೇ ನಾನು ಅವಳಿಂದ ಕಲಿತದ್ದು ಈ ಕೆಂಪಿನ ಪಾಠ. ಆ ಪಾಠದ ಮೇಲೆ ನನಗಿದ್ದ ನಂಬಿಕೆ ಹೋದ ವರ್ಷ ದೀಪಾವಳಿ ಕಳೆದ ವಾರ, ಬಂದರಿನ ಏಲಂ ಕಟ್ಟೆಯ ಮೇಲೆ, ಅಲುಗಾಡಿತು. ಅವತ್ತಿನಿಂದ ಈ ವಿಷಯ ತಲೆಯಿಂದ ಹೋಗಿಲ್ಲ.

ನನ್ನ ಸೋದರಮಾವ, ಅಮ್ಮನ ತಮ್ಮ, ಗಾಳದ ದೋಣಿಯವನು. ಕುಂದಾಪುರದಿಂದ ಉತ್ತರಕ್ಕೆ ನಮ್ಮ ಕಡಲಲ್ಲಿ ಇಬ್ಬರೇ ಹೋಗುವ ಸಣ್ಣ ದೋಣಿ; ಕತ್ತಲಿರುವಾಗಲೇ ಹೊರಟು ಬಿಸಿಲೇರುವ ಹೊತ್ತಿಗೆ ವಾಪಸ್ಸು. ಅವತ್ತು ಅವನಿಗೆ ಮೂರು ಅಂಜಲ್ ಸಿಕ್ಕಿತ್ತು. ಅದರಲ್ಲಿ ಎರಡಕ್ಕೆ, ನಾನು ಹೇಳಿಕೊಟ್ಟ ಹಾಗೆ, ಮೇಲೆಳೆದ ಕೂಡಲೇ ತಲೆಗೆ ಹೊಡೆದು, ಕಿವಿ ಕೊಯ್ದು, ನೆತ್ತರು ಇಳಿಸಿ, ಐಸಿಗೆ ಹಾಕಿದ್ದ. ಮೂರನೆಯದು ಬಿದ್ದಾಗ ಇನ್ನೊಂದು ಹಗ್ಗವೂ ಎಳೆಯುತ್ತಿತ್ತಂತೆ, ಪುರುಸೊತ್ತಾಗಲಿಲ್ಲ. ಅದು ದೋಣಿಯ ಹಲಗೆಯ ಮೇಲೆ ಬಡಿದಾಡಿ ತಾನಾಗಿ ಸತ್ತು, ಅರ್ಧ ಗಂಟೆ ಬಿಸಿಲು ಕಂಡು, ಆಮೇಲೆ ಐಸು ಸೇರಿತ್ತು. ಕಟ್ಟೆಯ ಮೇಲೆ ಮೂರೂ ಪಕ್ಕಪಕ್ಕ ಮಲಗಿದ್ದವು. ವ್ಯಾಪಾರಿ ಬಂದು ಬಡಿದಾಡಿ ಸತ್ತದ್ದರ ಕಿವಿ ಎತ್ತಿದ, ಕೆಂಪು ಕಂಡ, ತಲೆಯಾಡಿಸಿದ. ಉಳಿದೆರಡರ ಕಿವಿ ಎತ್ತಿ ಹಾಗೇ ಬಿಟ್ಟ. "ಕಿವಿ ಕಾಣ್, ಬೆಳ್ಳಗಾಯ್ತ್. ಇದ್ ನಿನ್ನಿದಾ, ಮೊನ್ನಿದಾ?" ಅಂದ. ನೀರಿಂದ ಮೇಲೆ ಬಂದು ಮೂರು ಗಂಟೆಯೂ ಆಗಿರದ ಮೀನು. ಕಿಲೋಗೆ ನೂರೈವತ್ತು ರೂಪಾಯಿ ಕಮ್ಮಿ ಕೂಗಿದರು. ನಾನು ಕೆಲಸಕ್ಕೆ ಹೊರಟವಳು ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ಕೈಯಲ್ಲಿ ಹಿಡಿದು ನೋಡುತ್ತ ನಿಂತಿದ್ದೆ. ಮಾವ ವಾದ ಮಾಡಲಿಲ್ಲ. ಒಂದನ್ನು ಆ ದರಕ್ಕೇ ಕೊಟ್ಟ, ಇನ್ನೊಂದನ್ನು ಎತ್ತಿ ನನ್ನ ಸ್ಕೂಟರಿನ ಮುಂದೆ ಇಟ್ಟ. "ನೀ ಹೇಳ್ದಾಂಗೇ ಮಾಡ್ದೆ ಮಗಾ" ಅಂದ. ದನಿಯಲ್ಲಿ ಆಕ್ಷೇಪ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದಿದವಳು. ಈಗ ಮೀನು ರಫ್ತು ಮಾಡುವ ಒಂದು ಘಟಕದ ಲ್ಯಾಬಿನಲ್ಲಿ ಕೆಲಸ. ಹಿಡಿದ ಮೀನನ್ನು ಹೇಗೆ ನೋಡಿಕೊಳ್ಳಬೇಕು ಎಂಬುದರ ಮೇಲೆ ಪರೀಕ್ಷೆ ಬರೆದು ಪಾಸಾದವಳು. ಆದರೆ ಹಿಡಿಯುವ ಜಾಗಕ್ಕೆ ನಾನು ಹೋದವಳಲ್ಲ. ನಮ್ಮಲ್ಲಿ ಹೆಂಗಸರ ಕೆಲಸ ದಡದಿಂದ ಶುರು. ಹಾಗಾಗಿ ನನ್ನ ವಿದ್ಯೆಯನ್ನು ಪರೀಕ್ಷೆಗೆ ಒಡ್ಡಿದ್ದು ಮಾವನ ದೋಣಿ, ನಷ್ಟವಾದದ್ದು ಮಾವನ ದುಡ್ಡು.

ದೋಣಿಯ ಮೇಲಿನ ಹತ್ತು ನಿಮಿಷ

ಅವನಿಗೆ ನಾನು ಹೇಳಿಕೊಟ್ಟದ್ದು ನಮ್ಮ ಹಿತ್ತಿಲ ಕಲ್ಲಿನ ಮೇಲೆ, ಮಾರ್ಕೆಟ್ಟಿನಿಂದ ತಂದ ಒಂದು ಸತ್ತ ಮೀನನ್ನು ಇಟ್ಟುಕೊಂಡು. ಮೀನಿನ ಹೃದಯ ಇರುವುದು ಗಂಟಲಿನ ಕೆಳಗೆ, ಎರಡು ಕಿವಿಗಳ ನಡುವೆ. ಅದು ಒತ್ತಿದ ನೆತ್ತರು ನೇರವಾಗಿ ಕಿವಿಗೇ ಹೋಗುತ್ತದೆ, ಉಸಿರು ತುಂಬಿಕೊಂಡು ಅಲ್ಲಿಂದ ಮೈಗೆ. ಆದ್ದರಿಂದ ಕಿವಿಯ ಬುಡದಲ್ಲಿ ಕತ್ತಿ ಆಡಿಸಿದರೆ ಸಾಕು, ಹೃದಯವೇ ಪಂಪಿನ ಹಾಗೆ ನೆತ್ತರನ್ನು ಹೊರಗೆ ಹಾಕುತ್ತದೆ. ಹೃದಯ ಮಿಡಿಯುತ್ತಿರುವ ತನಕ ಮಾತ್ರ ಈ ಕೆಲಸ. ನಮ್ಮ ಸೆಕೆಗೆ ನೆತ್ತರು ಬೇಗ ಹೆಪ್ಪುಗಟ್ಟುತ್ತದೆ, ಸತ್ತು ಹೊತ್ತಾದ ಮೀನಿಗೆ ಎಷ್ಟು ಕೊಯ್ದರೂ ಕತ್ತಿ ಒದ್ದೆಯಾಗುತ್ತದೆ ಅಷ್ಟೇ. ನಾನು ಇದನ್ನೆಲ್ಲ ವಿವರಿಸುವಾಗ ಮಾವ ಬೀಡಿ ಸೇದುತ್ತ ಕೇಳಿದ. ಅವನಿಗೆ ಹೊಸತೇನೂ ಇರಲಿಲ್ಲ. ಅಲ್ಲಿ ಕೊಯ್ದರೆ ನೆತ್ತರು ಹಾರುತ್ತದೆ ಅಂತ ಅವನ ಅಪ್ಪನಿಗೂ ಗೊತ್ತಿತ್ತು. ದೊಡ್ಡ ಮೀನು ಬಿದ್ದರೆ ಕೋಲಿನಲ್ಲಿ ತಲೆಗೊಂದು ಕೊಡುವುದೂ ಅವರ ಹಳೆಯ ಕ್ರಮವೇ. ಬಾಲ ಬಡಿದರೆ ಕಾಲು ಮುರಿದೀತು ಎಂಬ ಕಾರಣಕ್ಕೆ. ಎಲ್ಲ ಕೇಳಿಸಿಕೊಂಡು ಅವನು ಕೇಳಿದ್ದು ಒಂದೇ ಪ್ರಶ್ನೆ: "ಕೆಂಪ್ ಹೋತ್ತಲೆ?" ಕೆಂಪು ಹೋದರೆ ಹೋಗಲಿ, ಮಾಂಸ ಚೆನ್ನಾಗಿ ಬರುತ್ತದೆ ಮಾವ ಅಂದೆ ನಾನು. ಏಲಂ ಕಟ್ಟೆಯಲ್ಲಿ ಆದದ್ದು ಪೂರ್ತಿ ಆ ಪ್ರಶ್ನೆಯಲ್ಲೇ ಇತ್ತು. ಅವನು ಕೇಳಿದ್ದ, ನಾನು ದಾಟಿ ಹೋಗಿದ್ದೆ.

ಮಾಂಸ ಚೆನ್ನಾಗಿ ಬರುತ್ತದೆ ಎಂದು ಅಷ್ಟು ಧೈರ್ಯವಾಗಿ ಹೇಳಿದ್ದಕ್ಕೆ ಕಾರಣ ಇದೆ. ಮೀನು ಸತ್ತ ಮೇಲೆ ಕೆಡುವುದು ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಅದರ ಹಣೆಬರಹ ಸಾಯುವ ರೀತಿಯಲ್ಲೇ ಅರ್ಧ ತೀರ್ಮಾನ ಆಗಿರುತ್ತದೆ. ಜೀವಂತ ಸ್ನಾಯುವಿನಲ್ಲಿ ಎಟಿಪಿ ಎಂಬ ಇಂಧನ ಇರುತ್ತದೆ. ಗಾಳ ಕಚ್ಚಿದಲ್ಲಿಂದ ಹಲಗೆಯ ಮೇಲೆ ಬಡಿದಾಡಿ ಸುಮ್ಮನಾಗುವ ತನಕ ಮೀನು ಆ ಇಂಧನವನ್ನು ಸುಟ್ಟು ಮುಗಿಸುತ್ತದೆ. ಜೊತೆಗೆ ಲ್ಯಾಕ್ಟಿಕ್ ಆಮ್ಲ ತುಂಬಿ ಮಾಂಸ ಹುಳಿಯಾಗುತ್ತದೆ. ಅಂಥ ಮೀನು ಬೇಗ ಸೆಟೆದುಕೊಳ್ಳುತ್ತದೆ, ಬಿಗಿಯಾಗಿ ಸೆಟೆಯುತ್ತದೆ, ಬೇಗ ಸಡಿಲವೂ ಆಗುತ್ತದೆ. ಕೊಯ್ದಾಗ ಮಾಂಸದ ಪದರ ಬಿಟ್ಟುಕೊಳ್ಳುತ್ತದೆ. ಒಂದೇ ಏಟಿಗೆ ಮಿದುಳು ಸತ್ತ ಮೀನಿನ ಸ್ನಾಯುವಿನಲ್ಲಿ ಎಟಿಪಿ ಉಳಿದಿರುತ್ತದೆ. ಸೆಟೆಯುವುದು ತಡವಾಗುತ್ತದೆ. ಉಳಿದ ಎಟಿಪಿ ಮೆಲ್ಲಗೆ ಒಡೆಯುತ್ತ ಐನೋಸಿನೇಟ್ ಎಂಬ ಹಂತಕ್ಕೆ ಬರುತ್ತದೆ. ಮೀನಿನ ಸಾರಿಗೆ ಬಾಯಿ ತುಂಬುವ ಆ ರುಚಿ ಬಹುಪಾಲು ಇದರದ್ದು. ಒಣಗಿಸಿದ ಟ್ಯೂನಾದಲ್ಲಿ ಇದನ್ನು ಗುರುತಿಸಿದ್ದು ಜಪಾನಿನ ಶಿಂತಾರೊ ಕೊಡಾಮ, 1913ರಲ್ಲಿ. ಐನೋಸಿನೇಟ್ ಮುಂದೆ ಐನೋಸಿನ್ ಆಗಿ, ಕೊನೆಗೆ ಹೈಪೋಝಾಂಥಿನ್ ಆಗುತ್ತದೆ. ಅದು ಕಹಿ. 1959ರಲ್ಲಿ ಜಪಾನಿನವರೇ ಇದನ್ನು ಕೆ-ಮೌಲ್ಯ ಎಂಬ ಅಳತೆ ಮಾಡಿಕೊಟ್ಟರು: ಒಟ್ಟು ದಾರಿಯಲ್ಲಿ ಎಷ್ಟು ಪಾಲು ಈಗಾಗಲೇ ಕೊನೆಯ ಎರಡು ಹಂತಕ್ಕೆ ಹೋಗಿದೆ ಎಂಬ ಲೆಕ್ಕ. ಬ್ಯಾಕ್ಟೀರಿಯಾ ಕೆಲಸ ಶುರುಮಾಡುವ ಮೊದಲೇ, ನಾತ ಬರುವ ಎಷ್ಟೋ ಮೊದಲೇ, ರುಚಿ ಇಳಿಯುವುದು ಈ ದಾರಿಯಲ್ಲಿ.

ಅಕಾಶಿ ಅಂತ ಜಪಾನಿನಲ್ಲಿ ಒಂದು ಊರಿದೆ, ಜಲಸಂಧಿಯ ದಡದಲ್ಲಿ. ಅಲ್ಲಿಯ ಸಮುದ್ರ ಬ್ರೀಮ್ ಮೀನಿಗೆ ದೇಶವಿಡೀ ಹೆಸರು. ಹಿಡಿದ ಮೀನನ್ನು ಅಲ್ಲಿ ಕೂಡಲೇ ಕೊಲ್ಲುವುದಿಲ್ಲ; ತೊಟ್ಟಿಯಲ್ಲಿ ಬಿಟ್ಟು ಅದರ ದಣಿವು ಆರಲು ಬಿಡುತ್ತಾರೆ. ಆಮೇಲೆ ಕಣ್ಣಿನ ಹಿಂದೆ, ತುಸು ಮೇಲೆ, ಮೊಳೆಯಂಥ ಚೂಪು ಹಾಕಿ ಮಿದುಳನ್ನು ಮುಗಿಸುತ್ತಾರೆ. ಕಿವಿಯ ಬುಡದಲ್ಲಿ, ಬಾಲದ ಹತ್ತಿರ ಕೊಯ್ದು ನೆತ್ತರು ಇಳಿಸುತ್ತಾರೆ. ಬೆನ್ನೆಲುಬಿನ ಮೇಲಿನ ನರದ ಕೊಳವೆಗೆ ತೆಳು ತಂತಿ ತೂರಿಸುವುದೂ ಉಂಟು. ಮಿದುಳು ಸತ್ತರೂ ಬೆನ್ನುಹುರಿ ಸ್ನಾಯುವನ್ನು ಅದುರಿಸುತ್ತಲೇ ಇರುತ್ತದೆ, ಅದನ್ನೂ ಸುಮ್ಮನಾಗಿಸಲು. ಇಕೆಜಿಮೆ ಅಂತ ಇದರ ಹೆಸರು. ತರಗತಿಯಲ್ಲಿ ಇದರ ವಿಡಿಯೋ ತೋರಿಸಿದಾಗ ನನ್ನ ಪಕ್ಕ ಕೂತ ಗೆಳತಿ ಕಣ್ಣು ಮುಚ್ಚಿಕೊಂಡಳು. ನನಗೆ ಮಾತ್ರ ಚಿಕ್ಕವಳಿದ್ದಾಗ ಕೈರಂಪಣಿ ಬಲೆಯನ್ನು ದಡಕ್ಕೆ ಎಳೆದ ದಿನಗಳು ನೆನಪಾದವು. ಬಿಸಿ ಮರಳಿನ ಮೇಲೆ ರಾಶಿ ರಾಶಿ ಮೀನು ಬಾಯಿ ತೆರೆದು ತೆರೆದು ಮುಚ್ಚುತ್ತ, ಎಷ್ಟೋ ಹೊತ್ತು. ನಾವು ಮಕ್ಕಳು ಅದರ ನಡುವೆ ಓಡಾಡಿ ಚೀಲಕ್ಕೆ ಆರಿಸಿಕೊಳ್ಳುತ್ತಿದ್ದೆವು. ಯಾವುದು ಕ್ರೂರ ಎಂಬ ಪ್ರಶ್ನೆಗೆ ನನ್ನ ಉತ್ತರ ಆ ತರಗತಿಯಲ್ಲಿ ಬದಲಾಯಿತು. ಮೀನಿಗೆ ನೋವಾಗುತ್ತದೆ ಎಂದು ನಾನು ನಂಬುತ್ತೇನೆ. ತಿನ್ನುವುದನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆದರೆ ಬೇಗ ಕೊಂದ ಮೀನೇ ರುಚಿಯಾದ ಮೀನು ಎಂದು ತಿಳಿದಾಗ ಮನಸ್ಸಿಗೆ ಒಂದು ಬಗೆಯ ಸಮಾಧಾನ ಆಯಿತು, ಅದನ್ನು ಮುಚ್ಚಿಡಲಾರೆ.

ನೆತ್ತರಿನ ಮಾತಿಗೆ ಬಂದರೆ, ಮೀನಿನ ಮೈಯಲ್ಲಿ ಅದು ಇರುವುದೇ ಕಮ್ಮಿ. ಹೆಚ್ಚಿನ ಮೀನುಗಳಲ್ಲಿ ತೂಕದ ನೂರಕ್ಕೆ ಐದು ಪಾಲಿಗೂ ಒಳಗೆ. ನಾಲ್ಕು ಕಿಲೋದ ಅಂಜಲ್‌ಗೆ ಹೆಚ್ಚೆಂದರೆ ಒಂದು ಲೋಟ. ಆ ಒಂದು ಲೋಟ ಒಳಗೇ ಉಳಿದರೆ ಏನಾಗುತ್ತದೆ? ನೆತ್ತರಿನ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಇದೆ. ಮೀನಿನ ಎಣ್ಣೆಯಂಶಕ್ಕೆ ಗಾಳಿ ಹಿಡಿದು ಕಮಟುವುದನ್ನು ಈ ಕಬ್ಬಿಣ ಜೋರು ಮಾಡುತ್ತದೆ. ಎಣ್ಣೆ ಹೆಚ್ಚಿದ್ದಷ್ಟೂ ಕಮಟು ಹೆಚ್ಚು. ಬ್ಯಾಕ್ಟೀರಿಯಾಗಳಿಗೂ ಅದು ಒಳ್ಳೆಯ ಊಟ. ಬಡಿದಾಡಿದಲ್ಲಿ, ತುಳಿದಲ್ಲಿ, ಕೊಕ್ಕೆ ಹಾಕಿ ಎಳೆದಲ್ಲಿ ಮಾಂಸದೊಳಗೆ ನೆತ್ತರು ಕಟ್ಟಿ ಕಪ್ಪು ಕಲೆ ಆಗುತ್ತದೆ; ನಮ್ಮ ಘಟಕದಲ್ಲಿ ಆ ತುಂಡನ್ನು ಕತ್ತರಿಸಿ ಎಸೆಯುತ್ತಾರೆ. ಒಂದು ತಪ್ಪು ತಿಳುವಳಿಕೆಯನ್ನು ಇಲ್ಲೇ ಹೇಳಿಬಿಡಬೇಕು: ನೆತ್ತರು ಇಳಿಸಿದರೆ ಕೇದರ್, ಅಂದರೆ ಟ್ಯೂನಾ, ಮೀನಿನ ಕಪ್ಪು ಮಾಂಸ ಬೆಳ್ಳಗಾಗುವುದಿಲ್ಲ. ಆ ಬಣ್ಣ ಬಹಳಷ್ಟು ಸ್ನಾಯುವಿನಲ್ಲೇ ಇರುವ ಮಯೋಗ್ಲೋಬಿನ್ ಎಂಬ ವಸ್ತುವಿನದು. ಆದರೆ ಕೇದರ್ ಜಾತಿಯ ಮೀನಿನ ಮೈ ಕಡಲ ನೀರಿಗಿಂತ ಬೆಚ್ಚಗಿರುತ್ತದೆ, ಸೆಣಸಾಡಿದರೆ ಇನ್ನೂ ಕಾಯುತ್ತದೆ. ನೆತ್ತರಿನ ಜೊತೆ ಒಂದಿಷ್ಟು ಬಿಸಿಯೂ ಹೊರಗೆ ಹೋಗುತ್ತದೆ ಎಂಬುದು ಅದಕ್ಕೆ ಸಿಗುವ ಲಾಭ. ನಮ್ಮ ಕಡೆ ಕೇದರ್ ಅಂದರೆ ನೆತ್ತರ ವಾಸನೆ ಎಂದು ಮೂಗು ಮುರಿಯುವವರು ಬಹಳ. ಅವರಲ್ಲಿ ಎಷ್ಟು ಮಂದಿ ಹಿಡಿದ ಕೂಡಲೇ ಕೊಯ್ದು ತಣ್ಣಗೆ ಮಾಡಿದ ಕೇದರ್ ತಿಂದಿದ್ದಾರೆ?

ಮೂರನೇ ದಿನದ ಪಾತ್ರೆ

ಏಲಂನಲ್ಲಿ ಪೂರ್ತಿ ದರಕ್ಕೆ ಹೋದ ಆ ಕೆಂಪು ಕಿವಿಯ ಅಂಜಲ್ ವ್ಯಾಪಾರಿಯ ಕೈ ದಾಟಿ ಬಂದದ್ದು ಅಮ್ಮನ ಬುಟ್ಟಿಗೇ. ತಮ್ಮ ಹಿಡಿದ ಮೀನನ್ನು ಅಕ್ಕ ದುಡ್ಡು ಕೊಟ್ಟು ಕೊಂಡಿದ್ದಳು. ಬಂದರಿನಲ್ಲಿ ಇದು ದಿನಾ ನಡೆಯುವ ಸಂಗತಿ, ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಸಂಜೆ ಬಾಲದ ಕಡೆಯ ತುಂಡು ಉಳಿದು ಮನೆಗೆ ಬಂತು. ಹೀಗೆ ನಮ್ಮ ಫ್ರಿಜ್ಜಿನಲ್ಲಿ ಒಂದೇ ದಿನ, ಒಂದೇ ಗಾಳಕ್ಕೆ ಬಿದ್ದ ಎರಡು ಅಂಜಲ್‌ಗಳ ತುಂಡು ಎರಡು ಡಬ್ಬಿಗಳಲ್ಲಿ ಕೂತವು. ನಾನು ಅಮ್ಮನಿಗೆ ಏನೂ ಹೇಳಲಿಲ್ಲ. ಹೇಳುವ ಮುಖವೂ ಇರಲಿಲ್ಲ. ಬೆಳಿಗ್ಗೆಯ ಕಥೆ ಕೇಳಿ ಅವಳು ನನಗೆ ಬೈದಾಗಿತ್ತು. "ನೆತ್ರ್ ಇಲ್ದಿರ್ ಮೀನ್ ಯಾರ್ ತಕಂತ್ರ್ ಹೆಣೇ?" ಎಂದು.

ಅಮ್ಮ ಮೀನು ತೊಳೆಯುವುದನ್ನು ನೋಡಬೇಕು. ಮೆಟ್ಟುಗತ್ತಿಯ ಮುಂದೆ ಕೂತು ಹೊಟ್ಟೆ ತೆಗೆದ ಮೇಲೆ, ಬೆನ್ನೆಲುಬಿಗೆ ಅಂಟಿಕೊಂಡ ಕಪ್ಪುಗೆಂಪು ಪಟ್ಟಿಯನ್ನು ಉಗುರಿನಿಂದ ಕೆರೆದು ಕೆರೆದು ತೆಗೆಯುತ್ತಾಳೆ. ನೆತ್ತರು ಕಟ್ಟಿದ್ದು ಅಂತ ಅವಳು ಅದನ್ನು ಕರೆಯುತ್ತಾಳೆ. ನಿಜಕ್ಕೆ ಅದು ಮೀನಿನ ಮೂತ್ರಪಿಂಡ, ನೆತ್ತರು ತುಂಬಿದ್ದು. ಆಮೇಲೆ ಕಲ್ಲುಪ್ಪು ಹಾಕಿ ತಿಕ್ಕುವುದು, ನೀರು ಚೆಲ್ಲುವುದು, ಮತ್ತೆ ನೀರು. ನೀರು ತಿಳಿಯಾಗುವ ತನಕ ಬಿಡುವವಳಲ್ಲ. ಚಿಕ್ಕವಳಿದ್ದಾಗ ನಾನು ಎರಡೇ ನೀರಿಗೆ ಎತ್ತಿಟ್ಟರೆ, ನೆತ್ತರು ಉಳಿದರೆ ಸಾರು ನಾರುತ್ತದೆ ಅಂತ ವಾಪಸ್ ಕೊಡುತ್ತಿದ್ದಳು. ಮೂರನೇ ದಿನ ಬೆಳಿಗ್ಗೆ ಅವಳು ಎರಡೂ ಡಬ್ಬಿ ತೆಗೆದಳು. ಬಾಲದ ತುಂಡನ್ನು ಒಂದು ಪಾತ್ರೆಗೆ ಹಾಕಿದಳು. ಮೊದಲ ನೀರು ಇಟ್ಟಿಗೆ ಬಣ್ಣ, ಎರಡನೆಯದು ತಿಳಿ ಗುಲಾಬಿ, ಮೂರು, ನಾಲ್ಕು. ಮಾಂಸದ ನಡುವಿನ ಗೆರೆ ಕಂದಿತ್ತು, ಅಂಚಿನಲ್ಲಿ ಸಣ್ಣ ಕಮಟು. ಕೆಟ್ಟಿರಲಿಲ್ಲ, ನಮ್ಮ ಮನೆಯಲ್ಲಿ ನಿತ್ಯ ತಿನ್ನುವ ಮೂರನೇ ದಿನದ ಮೀನು ಹೇಗಿರುತ್ತದೋ ಹಾಗೆಯೇ ಇತ್ತು. ಇನ್ನೊಂದನ್ನು ತೊಳೆದಳು. ಎರಡನೇ ನೀರು ಚೆಲ್ಲಿ ಮೂರನೆಯದಕ್ಕೆ ಚೊಂಬು ಎತ್ತಿದವಳು ಹಾಗೇ ನಿಂತಳು. "ಎರಡ್ನೇ ನೀರಿಗೇ ತಿಳಿ ಆಯ್ತಲೆ" ಅಂದಳು. ತುಂಡನ್ನು ಬೆಳಕಿಗೆ ಹಿಡಿದಳು. ಮಾಂಸಕ್ಕೆ ಇನ್ನೂ ಆ ಗಾಜಿನಂಥ ಹೊಳಪಿತ್ತು. ಮೂಗಿನ ಹತ್ತಿರ ತಂದಳು. ಮತ್ತೊಮ್ಮೆ ತಂದಳು.

ಒಂದೊಂದು ತುಂಡನ್ನು ಮಸಾಲೆ ಇಲ್ಲದೆ ಬರೀ ಉಪ್ಪು ಹಾಕಿ ಕಾಯಿಸು ಎಂದು ಕೇಳಿಕೊಂಡೆ. ಅಂಜಲ್‌ಗೆ ಮಾಡುವ ಅವಮಾನ ಅದು ಎಂಬ ಹಾಗೆ ನೋಡಿದಳು, ಆದರೂ ಕಾಯಿಸಿದಳು. ತಿಂದಾದ ಮೇಲೆ ಚೆನ್ನಾಗಿದೆ ಅಂತ ಹೇಳಲಿಲ್ಲ. ಮೀನಿನ ವಿಷಯದಲ್ಲಿ ಅವಳು ಹೊಗಳಿದ್ದನ್ನು ನಾನು ಕೇಳಿಯೇ ಇಲ್ಲ. ಕೈ ತೊಳೆದು ಬಂದು, ತಮ್ಮನಿಗೆ ಫೋನು ಮಾಡಿ, ಇದನ್ನು ಹಿಡಿದ ಎಷ್ಟು ಹೊತ್ತಿಗೆ ಕೊಯ್ದದ್ದು, ಎಷ್ಟು ಹೊತ್ತು ನೀರಲ್ಲಿ ಬಿಟ್ಟದ್ದು, ಐಸು ಎಷ್ಟು ಹಾಕಿದ್ದು ಎಂದು ಒಂದೊಂದಾಗಿ ಕೇಳಿದಳು. ವ್ಯಾಪಾರದವಳ ಪ್ರಶ್ನೆಗಳು.

ಆ ಬೆಳಿಗ್ಗೆಯಿಂದ ನಾನು ಯೋಚಿಸುತ್ತಿರುವುದು ಇದನ್ನೇ. ನೆತ್ತರು ಹೋಗಬೇಕು ಎಂಬ ಅರಿವು ನಮ್ಮಲ್ಲಿ ಇಲ್ಲದೇ ಇರಲಿಲ್ಲ. ಅದು ಅಡಿಗೆಮನೆಯಲ್ಲಿತ್ತು, ಹೆಂಗಸರ ಕೈಯಲ್ಲಿತ್ತು, ದೋಣಿಯಲ್ಲಿ ಆಗಬೇಕಾದ ಕೆಲಸದ ಒಂದು ಪಾಲನ್ನು ನಾಲ್ಕು ಚೊಂಬು ನೀರಿನಲ್ಲಿ, ಉಪ್ಪಿನಲ್ಲಿ, ಹುಳಿಯಲ್ಲಿ ಹಿಂದಿನಿಂದ ಮಾಡುತ್ತ ಬಂದಿತ್ತು. ಕಡಲ ಮೀನು ಹಳತಾದಂತೆ ಬರುವ ನಾತ ಟ್ರೈಮೀಥೈಲ್ ಅಮೈನಿನದು. ಅದು ಕ್ಷಾರ, ಹುಳಿ ಸೇರಿದರೆ ಆವಿಯಾಗಿ ಮೂಗಿಗೆ ಬರುವುದು ನಿಲ್ಲುತ್ತದೆ. ನಮ್ಮ ಸಾರಿಗೆ ಹುಣಸೆಯೋ ಓಂಟೆಹುಳಿಯೋ ಬೇಕೇ ಬೇಕು. ರುಚಿಗೂ ಹೌದು, ಹುಳಿಯ ಈ ಇನ್ನೊಂದು ಕೆಲಸಕ್ಕೂ ಹೌದು. ಆದರೆ ಅದೇ ಹೆಂಗಸರು ಕೊಳ್ಳುವಾಗ ಹುಡುಕುವುದು ನೆತ್ತರು ತುಂಬಿದ ಕಿವಿಯನ್ನು. ಇದರಲ್ಲಿ ತಪ್ಪೇನಿಲ್ಲ. ನೆತ್ತರು ಇಳಿಸದ ಮೀನಿಗೆ ಕಿವಿಯ ಕೆಂಪು ನಿಜವಾದ ಸಾಕ್ಷಿ. ಹೊತ್ತು ಹೋದಂತೆ ಆ ಕೆಂಪು ಕಂದಾಗುತ್ತದೆ, ಬೂದಾಗುತ್ತದೆ, ಲೋಳೆ ಕಟ್ಟುತ್ತದೆ. ನಮ್ಮಲ್ಲಿ ಬರುವ ಮೀನೆಲ್ಲ ಅಂಥದ್ದೇ ಆದ್ದರಿಂದ ಈ ಒಂದು ಗುರುತು ಸಾಕಾಗಿತ್ತು. ನೆತ್ತರು ಇಳಿಸಿದ ಮೀನನ್ನು ಆ ಗುರುತಿನಿಂದ ಅಳೆಯಲಾಗದು. ಅದಕ್ಕೆ ಕಣ್ಣು ನೋಡಬೇಕು, ಉಬ್ಬಿ ತಿಳಿಯಾಗಿದೆಯೋ ಅಂತ. ಬೆನ್ನಿಗೆ ಬೆರಳು ಒತ್ತಿ ಬಿಡಬೇಕು, ಗುಳಿ ಉಳಿಯಬಾರದು. ಮೂಸಿ ನೋಡಬೇಕು, ಕಡಲ ನೀರಿನ ವಾಸನೆ ಬಿಟ್ಟು ಬೇರೇನೂ ಇರಬಾರದು. ಬೆಳ್ಳಗಿದ್ದೂ ಲೋಳೆಯಿಲ್ಲದ, ಎಳೆ ಎಳೆ ಬಿಡಿಯಾಗಿರುವ ಕಿವಿ ಬೇರೆ, ಹಳತಾಗಿ ಬಿಳಿಚಿಕೊಂಡು ಅಂಟಿದ ಕಿವಿ ಬೇರೆ. ವ್ಯಾಪಾರಿ ಇನ್ನೊಂದು ಕ್ಷಣ ನಿಂತಿದ್ದರೆ ಅದು ಅವನಿಗೂ ಕಾಣುತ್ತಿತ್ತು. ಆದರೆ ಏಲಂನಲ್ಲಿ ಇನ್ನೊಂದು ಕ್ಷಣ ಯಾರಿಗೂ ಸಿಗುವುದಿಲ್ಲ.

ಬಂಗುಡೆಗೆ ಈ ಮಾತು ಹೊಂದುವುದಿಲ್ಲ

ಇಷ್ಟು ಓದಿದವರು ನಾಳೆ ಬೂತಾಯಿ, ಬಂಗುಡೆಗೂ ನೆತ್ತರು ಇಳಿಸಬೇಕು ಅಂದುಕೊಂಡಾರು ಎಂಬ ಹೆದರಿಕೆ ನನಗಿದೆ. ಪರ್ಸೀನ್ ಬಲೆಗೆ ಒಂದೇ ಸಲ ಟನ್‌ಗಟ್ಟಲೆ ಬೀಳುವ ಮೀನಿನ ಕಿವಿ ಕೊಯ್ಯುತ್ತ ಕೂರಲು ಸಾಧ್ಯವೇ? ಟ್ರಾಲ್ ಬಲೆಯಲ್ಲಿ ಗಂಟೆಗಟ್ಟಲೆ ಎಳೆಸಿಕೊಂಡು ಬಂದ ಮೀನಿನಲ್ಲಿ ಹೆಚ್ಚಿನದು ಮೇಲೆ ಬರುವಾಗಲೇ ಸತ್ತಿರುತ್ತದೆ. ಕೊಯ್ಯುವ ಮಾತು ಗಾಳದ ಮೀನಿಗೆ, ಒಂದೊಂದಾಗಿ ಜೀವಂತ ಕೈಗೆ ಸಿಗುವ ದೊಡ್ಡ ಮೀನಿಗೆ ಮಾತ್ರ. ಉಳಿದದ್ದಕ್ಕೆಲ್ಲ ಬೇಕಾದ್ದು ಐಸು, ಬೇಗ ಐಸು, ಸಾಕಷ್ಟು ಐಸು. ನೆತ್ತರು ಇಳಿಸಿ ಬಿಸಿಲಲ್ಲಿ ಬಿಟ್ಟ ಮೀನಿಗಿಂತ ಕೊಯ್ಯದೆ ಕೂಡಲೇ ಐಸಿಗೆ ಹಾಕಿದ ಮೀನೇ ಮೇಲು. ಈ ಮಾತನ್ನು ಗೋಡೆಯ ಮೇಲೆ ಬರೆಸಬೇಕು ಅನ್ನಿಸುತ್ತದೆ ನನಗೆ.

ಐಸಿನ ಲೆಕ್ಕ ಸುಲಭ. ಒಂದು ಕಿಲೋ ಐಸು ಕರಗುವಾಗ 80 ಕಿಲೋಕ್ಯಾಲರಿ ಬಿಸಿ ಹೀರುತ್ತದೆ. 30 ಡಿಗ್ರಿಯಲ್ಲಿರುವ 10 ಕಿಲೋ ಮೀನನ್ನು 0 ಡಿಗ್ರಿಗೆ ಇಳಿಸಲು 3 ಕಿಲೋ ಐಸು ಸಾಕು, ಕಾಗದದ ಮೇಲೆ. ದೋಣಿಯಲ್ಲಿ ಪೆಟ್ಟಿಗೆಯ ಗೋಡೆ, ಮುಚ್ಚಳ ತೆರೆದಾಗ ನುಗ್ಗುವ ಸೆಕೆ, ದಡ ಮುಟ್ಟುವ ತನಕದ ಹೊತ್ತು, ಎಲ್ಲ ತಿನ್ನುವುದು ಐಸನ್ನೇ. ಹಾಗಾಗಿ ನಮ್ಮ ಕಡಲಲ್ಲಿ ಮೀನಿನಷ್ಟೇ ತೂಕದ ಐಸು ಒಯ್ಯಬೇಕು ಎಂಬುದು ಕಲಿಸುವ ಮಾತು. ಬರೀ ಐಸಿನ ಗಟ್ಟಿಗಿಂತ ಕಡಲ ನೀರು ಬೆರೆಸಿದ ಐಸಿನ ಪುಡಿ ಒಳ್ಳೆಯದು. ಮೀನಿನ ಮೈ ಪೂರ್ತಿ ಮುಟ್ಟುತ್ತದೆ, ಚೂಪು ತುದಿ ಚುಚ್ಚುವುದಿಲ್ಲ. 0 ಡಿಗ್ರಿಯಲ್ಲಿ ಒಂದು ದಿನಕ್ಕೆ ಎಷ್ಟು ಕೆಡುತ್ತದೋ 10 ಡಿಗ್ರಿಯಲ್ಲಿ ಸುಮಾರು ಅದರ ನಾಲ್ಕು ಪಟ್ಟು ಕೆಡುತ್ತದೆ. 30ರ ಮಾತು ಬೇಡ.

ಲ್ಯಾಬಿನಲ್ಲಿ ನನ್ನನ್ನು ಹೆಚ್ಚು ಕಾಡುವುದು ನೆತ್ತರಲ್ಲ, ಹಿಸ್ಟಮಿನ್. ಬಂಗುಡೆ, ಬೂತಾಯಿ, ಅಂಜಲ್, ಕೇದರ್ ಇವುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚು. ಮೀನು ಬೆಚ್ಚಗೆ ಉಳಿದರೆ ಕೆಲವು ಬ್ಯಾಕ್ಟೀರಿಯಾ ಅದನ್ನು ಹಿಸ್ಟಮಿನ್ ಮಾಡುತ್ತವೆ. ಅದಕ್ಕೆ ವಾಸನೆ ಇಲ್ಲ. ಕುದಿಸಿದರೂ ಹೋಗುವುದಿಲ್ಲ, ಹುರಿದರೂ ಹೋಗುವುದಿಲ್ಲ, ಫ್ರೀಜರಿನಲ್ಲಿಟ್ಟರೂ ಹೋಗುವುದಿಲ್ಲ. ತಿಂದವರಿಗೆ ಮುಖ ಕೆಂಪೇರಿ, ತಲೆ ಸಿಡಿದು, ಮೈ ತುರಿಸುತ್ತದೆ. ನಂಗೆ ಬಂಗುಡೆ ಆಗುವುದಿಲ್ಲ, ಅಲರ್ಜಿ ಅನ್ನುವವರಲ್ಲಿ ಕೆಲವರಿಗೆ ಆಗದೇ ಇದ್ದದ್ದು ಬಂಗುಡೆಯಲ್ಲ, ಐಸು ಕಾಣದೆ ಕಳೆದ ಆ ಮೀನಿನ ಮೊದಲ ಕೆಲವು ಗಂಟೆ. ಕಿವಿಯ ಕೆಂಪು ಈ ವಿಷಯದಲ್ಲಿ ಏನನ್ನೂ ಹೇಳುವುದಿಲ್ಲ. ಹಾಗಾಗಿ ಮಾವನಿಗೆ ಕಿವಿ ಕೊಯ್ಯುವ ಪಾಠಕ್ಕಿಂತ ಮೊದಲು ಐಸಿನ ಪಾಠ ಹೇಳಬೇಕಿತ್ತು ನಾನು. ಈಗ ಹೇಳಿದ್ದೇನೆ. ಹಳೆಯ ಥರ್ಮೋಕೋಲ್ ಪೆಟ್ಟಿಗೆ ಹೋಗಿ ದಪ್ಪ ಗೋಡೆಯ ಐಸ್ ಪೆಟ್ಟಿಗೆ ಬಂದಿದೆ. ಅವನ ಆ ದಿನದ ನಷ್ಟಕ್ಕೆ ಬದಲು ನಾನು ಕೊಟ್ಟದ್ದು ಅದು. ಮೊದಲು ಬೇಡ ಅಂದ, ಆಮೇಲೆ ತಗೊಂಡ.

ಅಮ್ಮನ ಗಿರಾಕಿಗಳು

ಅಮ್ಮನಿಗೆ ಖಾಯಂ ಮನೆಗಳಿವೆ, ಇಪ್ಪತ್ತು ಇಪ್ಪತ್ತೈದು. ಬುಟ್ಟಿ ಹೊರುತ್ತಿದ್ದ ಕಾಲದವು. ಅವರು ಕಿವಿ ಎತ್ತಿ ನೋಡುವುದಿಲ್ಲ, ಅಮ್ಮನ ಮುಖ ನೋಡುತ್ತಾರೆ. ಫೋನಿನಲ್ಲಿ "ಅಕ್ಕ, ಇವತ್ತು ಎಂತ ಇದೆ?" ಅಂತ ಕೇಳಿ, ಅವಳು ಹೇಳಿದ್ದನ್ನು ತಗೊಳ್ಳುತ್ತಾರೆ. ಆ ಮೂರನೇ ದಿನದ ನಂತರ ಅಮ್ಮ ಅಂಥ ನಾಲ್ಕು ಮನೆಗೆ ಬಿಳಿ ಕಿವಿಯ ಅಂಜಲ್ ಕೊಟ್ಟಳು. ಕೊಡುವಾಗಲೇ ಹೇಳಿದಳು: ತಮ್ಮ ಕಡಲಲ್ಲೇ ನೆತ್ತರು ತೆಗೆದದ್ದು, ತೊಳೆಯುವಾಗ ನೋಡಿ, ನಾಳೆಗೆ ಇಟ್ಟೂ ನೋಡಿ. ದರ ಕಮ್ಮಿ ಮಾಡಲಿಲ್ಲ. ಎರಡು ಮನೆಯವರು ಮುಂದಿನ ವಾರ ಅದೇ ಬೇಕು ಅಂದರು. ಒಬ್ಬರು ವ್ಯತ್ಯಾಸ ಏನೂ ಕಾಣಲಿಲ್ಲ ಅಂದರು. ಅವತ್ತೇ ಖಾರ ಹಾಕಿ ಸಾರು ಮಾಡಿದ್ದರಂತೆ. ಅದೂ ನ್ಯಾಯವೇ. ಹಿಡಿದ ದಿನವೇ ಒಲೆಗೆ ಹೋಗುವ ಮೀನಿಗೆ ಇಷ್ಟೆಲ್ಲ ಉಪಚಾರದ ಫಲ ಕಾಣುವುದು ಕಷ್ಟ. ನಾಲ್ಕನೆಯವರು, ವಯಸ್ಸಾದವರು, ಕಿವಿ ಬಿಳಿ ಇದ್ದರೆ ದೇವರಾಣೆ ನನ್ನ ಕೈಗೆ ಮುಟ್ಟಲು ಆಗುವುದಿಲ್ಲ ಮಾರಾಯ್ತಿ ಎಂದು ವಾಪಸ್ ಕಳಿಸಿದರು. ಅಮ್ಮ ಅದನ್ನು ನಗುನಗುತ್ತ ವಾಪಸ್ ತಗೊಂಡಳು.

ಜೂನ್, ಜುಲೈ ಯಾಂತ್ರಿಕ ಬೋಟುಗಳಿಗೆ ರಜೆ. ಕಡಲು ಬಿದ್ದು ಮಾವನ ದೋಣಿಯೂ ಬಹುಪಾಲು ದಡದಲ್ಲೇ. ಮಳೆ ಕಳೆದು ಅಂಜಲ್ ಬರಲು ಶುರುವಾದ ಮೇಲೆ ಈಗ ಅವನ ಪೆಟ್ಟಿಗೆಯಲ್ಲಿ ಎರಡು ಜಾತಿ ಮೀನಿರುತ್ತದೆ. ಅಮ್ಮ ಹಿಂದಿನ ರಾತ್ರಿ ಫೋನಿನಲ್ಲಿ "ನಾಳೆಗ್ ಬೆಳಿ ಕಿವಿದ್ ಎರಡ್ ಬೇಕ್" ಅಂತ ಹೇಳಿದರೆ ಎರಡನ್ನು ಕೊಯ್ಯುತ್ತಾನೆ. ಏಲಂಗೆ ಹೋಗುವುದನ್ನು ಕೊಯ್ಯುವುದಿಲ್ಲ, ತಲೆಗೆ ಹೊಡೆದು ನೇರ ಐಸಿಗೆ ಹಾಕುತ್ತಾನೆ. ಕಿವಿ ಕೆಂಪಾಗೇ ಇರುತ್ತದೆ, ಪೂರ್ತಿ ದರ ಸಿಗುತ್ತದೆ. ಒಂದೇ ಕೈ, ಒಂದೇ ಕತ್ತಿ, ಯಾವುದಕ್ಕೆ ಕತ್ತಿ ಹಾಕಬೇಕು ಎಂಬುದನ್ನು ದಡದಲ್ಲಿರುವ ಗಿರಾಕಿ ನಿರ್ಧರಿಸುತ್ತಾರೆ. ಮೊದಲು ಇದು ನನಗೆ ಬೇಸರ ತರಿಸುತ್ತಿತ್ತು. ಈಗ ಅವನ ಲೆಕ್ಕಕ್ಕೆ ನಾನು ಅಡ್ಡ ಬರುವುದಿಲ್ಲ.

ಭಾನುವಾರ ನಾನು ಮಾರ್ಕೆಟ್ಟಿನಲ್ಲಿ ಅಮ್ಮನ ಪಕ್ಕ ಕೂರುತ್ತೇನೆ. ಕೊಡೆಯ ಕೆಳಗೆ, ಐಸಿನ ಮೇಲೆ ಒಂದು ಬಿಳಿ ಕಿವಿಯದ್ದನ್ನು ಈಗ ಅವಳು ಬೇಕೆಂದೇ ಎದುರಿಗೆ ಇಡುತ್ತಾಳೆ. ಗುರುತಿಲ್ಲದ ಗಿರಾಕಿ ಬಂದು ಬೆರಳು ಚಾಚುವ ಮೊದಲೇ, ಅವಳೇ ಹೆಬ್ಬೆರಳಲ್ಲಿ ಮುಚ್ಚಳ ಎತ್ತಿ ಆ ಬಿಳುಪನ್ನು ತೋರಿಸಿ ಮಾತು ಶುರು ಮಾಡುತ್ತಾಳೆ. ಹೋದ ವಾರ ಹಾಗೆ ಮೂವರು ಬಂದರು. ಇಬ್ಬರು ಅವಳ ಮಾತು ಮುಗಿಯುವ ಮೊದಲೇ ಪಕ್ಕದ ಬುಟ್ಟಿಗೆ ಹೋದರು. ಮೂರನೆಯವಳು ಚಿಕ್ಕ ಪ್ರಾಯದ ಹೆಂಗಸು, ಸೊಂಟದಲ್ಲಿ ಮಗು. ಕೂತು ಕೇಳಿದಳು, ಮೂಸಿ ನೋಡಿದಳು, ಬೆನ್ನಿಗೆ ಬೆರಳು ಒತ್ತಿ ಬಿಟ್ಟಳು. ಮತ್ತೊಮ್ಮೆ ಕಿವಿ ಎತ್ತಿ ನೋಡಿದಳು. ಅರ್ಧ ಕಿಲೋ ಕೊಡಿ ಅಂದಳು.